ಪ್ರಯೋಗಾಲಯದ ಕೈಗಳನ್ನೂ ನೆನೆಯಿರಿ

ಎಂ.ಎಸ್ಸಿ. ಮುಗಿಸಿದವರಿಗೆ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವುದರ ಹೊರತು ಬೇರೆ ಕೆಲಸವಿಲ್ಲ ಎಂದು ವಿಜ್ಞಾನ ಪದವೀಧರರ ಉದ್ಯೋಗದ ಕುರಿತ ನಿಮ್ಮ ಲೇಖನದಲ್ಲಿ ಲೇಖಕರು ಬರೆದಿದ್ದಾರೆ. ಒಪ್ಪಲಾರೆ. ನಾನು ಮೂರು ವರ್ಷ ಸಂಶೋಧನಾ ಯೋಜನೆಯೊಂದರಲ್ಲಿ ದುಡಿದವಳು. ಇಂಥ ಹುದ್ದೆಗಳ ಪ್ರಕಟಣೆ ಪತ್ರಿಕೆಯಲ್ಲಿ ಕಾಣುವುದು ಅಪರೂಪ; ಸಂಸ್ಥೆಯ ಜಾಲತಾಣದ ಮೂಲೆಯಲ್ಲೋ ಪ್ರಾಧ್ಯಾಪಕರ ಪ್ರಯೋಗಾಲಯದ ಪುಟದಲ್ಲೋ ಬಂದು, ನೋಡುವಷ್ಟರಲ್ಲಿ ಅರ್ಜಿಯ ಗಡುವು ಮುಗಿದಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮೈಸೂರು, ಧಾರವಾಡದ ವಿಶ್ವವಿದ್ಯಾಲಯಗಳ ಪುಟಗಳನ್ನು ವಾರಕ್ಕೊಮ್ಮೆಯಾದರೂ ನೋಡಬೇಕು. ನೆಟ್ ಅಥವಾ ಗೇಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಪಾಸಾಗಿದ್ದರೆ, ಕೇಂದ್ರದ ಅನುದಾನದ ಯೋಜನೆಗಳಲ್ಲಿ ಕಿರಿಯ ಸಂಶೋಧಕರ ಹುದ್ದೆಯಾದ ಜೆಆರ್‌ಎಫ್‌ಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ ನಿಗದಿಯಾಗಿದೆ. ನನ್ನ ಸಂಕಟ ಬೇರೆ. ಅನುದಾನ ಮುಗಿದ ದಿನವೇ ಕೆಲಸವೂ ಮುಗಿಯುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನಡೆಸಲು ವರ್ಷಗಟ್ಟಲೆ ಪಳಗಿದವರನ್ನು ಹಾಗೆ ಮನೆಗೆ ಕಳುಹಿಸುವುದು ಅನ್ಯಾಯ. ಕಾಯಂ ತಾಂತ್ರಿಕ ಹುದ್ದೆಗಳ ಬಗ್ಗೆ ಲೇಖಕರು ಒಂದು ಮಾತಾದರೂ ಬರೆಯಬೇಕಿತ್ತು.