ರಾಯರು ಕುಡಿದ ಎಳ್ಳೆಣ್ಣೆ

ಕರ್ನಾಟಕದಲ್ಲಿ ಭೂಲೋಕದ ಸ್ವರ್ಗಗಳು ಎಷ್ಟಿವೆ ಎಂದು ಯಾರಾದರೂ ಒಮ್ಮೆ ಲೆಕ್ಕ ಹಾಕಬೇಕು. ಪ್ರವಾಸದ ಬರಹಗಳನ್ನು ನಂಬುವುದಾದರೆ ಕೊಡಗು ಒಂದು, ಚಿಕ್ಕಮಗಳೂರು ಒಂದು, ಸಕಲೇಶಪುರ ಇನ್ನೊಂದು. ಆಗುಂಬೆ, ಕುದುರೆಮುಖ, ಕೆಮ್ಮಣ್ಣುಗುಂಡಿ ಕೂಡ ಸ್ವರ್ಗಗಳೇ. ಎಲ್ಲ ಕಡೆಯೂ ಪ್ರಕೃತಿ ಮಾತೆ ಹಸಿರು ಸೀರೆ ಉಟ್ಟಿರುತ್ತಾಳೆ. ಬೇರೆ ಬಣ್ಣದ ಸೀರೆ ಅವಳ ಹತ್ತಿರ ಇಲ್ಲವೋ ಏನೋ. ಹೋದವರೆಲ್ಲ ಅಲ್ಲಿ ಮನಸ್ಸು ಹಗುರ ಮಾಡಿಕೊಳ್ಳುತ್ತಾರೆ, ಕೊನೆಯ ಸಾಲಿನಲ್ಲಿ ಭಾರವಾದ ಮನಸ್ಸಿನಿಂದ ವಾಪಸ್ ಹೊರಡುತ್ತಾರೆ.

ಇಂಥ ಬರಹ ಸಿಕ್ಕಾಗ ನಾನು ಊರಿನ ಹೆಸರಿನ ಮೇಲೆ ಬೆರಳಿಟ್ಟು ಓದುತ್ತೇನೆ. ಇದು ಯಾವ ಊರು ಅಂತ ಗೊತ್ತಾಗುತ್ತಾ? ಹೆಚ್ಚಿನ ಸಲ ಇಲ್ಲ. ಬೆರಳು ತೆಗೆದು ಅಲ್ಲಿ ಊಟಿ ಎಂದು ಬರೆದರೂ ನಡೆಯುತ್ತದೆ. ಊಟಿಯವರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ತಮಾಷೆ ಎಂದರೆ, ಹೀಗೆ ಬರೆಯುವವರೇ ಮನೆಯಲ್ಲಿ ಕೂತು ಹೇಳುವಾಗ ಎಷ್ಟು ಚೆನ್ನಾಗಿ ಹೇಳುತ್ತಾರೆ! "ಜೋಗಕ್ಕೆ ಹೋಗಿದ್ದು ಹೆಸರಿಗೆ ಅಷ್ಟೇ ಅಮ್ಮಾ, ಬರೀ ಮಂಜು. ಸದ್ದು ಮಾತ್ರ ಕೇಳ್ತಿತ್ತು. ಎಲ್ಲರೂ ಕಂಬಿ ಹಿಡ್ಕೊಂಡು ನಿಂತಿದ್ವಿ. ಪಕ್ಕದಲ್ಲಿದ್ದ ಅಜ್ಜ 'ಬಂತು ಬಂತು' ಅಂತ ಕೂಗಿದ್ರು. ನಾನು ಮೊಬೈಲ್ ತೆಗೆಯೋಷ್ಟರಲ್ಲಿ ಮತ್ತೆ ಮುಚ್ಕೊಂಡ್ತು." ಕೇಳಿದವರೆಲ್ಲ ನಕ್ಕರು, ಜೋಗ ಕಣ್ಣಿಗೆ ಕಟ್ಟಿತು. ಅದೇ ಮನುಷ್ಯ ರಾತ್ರಿ ಬರೆಯಲು ಕೂತರೆ, ಸನ್ಮಾನಕ್ಕೆ ಪೇಟ ಸುತ್ತಿಸಿಕೊಂಡವನ ಹಾಗೆ ಬಿಗಿಯಾಗಿಬಿಡುತ್ತಾನೆ. "ಶರಾವತಿಯು 253 ಮೀಟರ್ ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳಾಗಿ ಧುಮ್ಮಿಕ್ಕುವ ರುದ್ರರಮಣೀಯ ದೃಶ್ಯ..." ಅಲ್ಲಾ ಮಾರಾಯ, ನೀನು ನಾಲ್ಕರಲ್ಲಿ ಒಂದನ್ನೂ ನೋಡಲಿಲ್ಲವಲ್ಲ! ಆ ಮಂಜು ಎಲ್ಲಿ ಹೋಯಿತು? ಆ ಅಜ್ಜ ಎಲ್ಲಿ?

ಇನ್ನು ಯಾವ ತಿಂಗಳಲ್ಲಿ ಹೋದದ್ದು ಎಂದು ಬರೆಯುವವರಂತೂ ಕಡಿಮೆ. ಮಳೆಗಾಲದ ಜೋಗವೇ ಬೇರೆ, ಏಪ್ರಿಲ್‌ನ ಜೋಗವೇ ಬೇರೆ. ಮೇಲೆ ಲಿಂಗನಮಕ್ಕಿ ಅಣೆಕಟ್ಟು ನೀರು ಹಿಡಿದಿಟ್ಟುಕೊಂಡಿರುತ್ತದೆ, ಬೇಸಿಗೆಯಲ್ಲಿ ಹೋದವರಿಗೆ ಸಿಗುವುದು ಒದ್ದೆ ಗುರುತಿರುವ ಬಂಡೆ. ಆ ಬಂಡೆಯ ಬಗ್ಗೆಯೂ ಬರೆಯಬಹುದು. ಅಷ್ಟು ನೀರಿನ ಹಿಂದೆ ಅಡಗಿದ್ದ ಗೋಡೆ ಅದು, ನೋಡಲು ಸಣ್ಣದೇನಲ್ಲ. ಆದರೆ ನಮಗೆ ಪೋಸ್ಟರ್‌ನಲ್ಲಿದ್ದದ್ದೇ ಕಾಣಬೇಕು, ಅದನ್ನೇ ಬರೆಯಬೇಕು.

ಪ್ರವಾಸ ಬರೆಯುವವರಿಗೆ ಒಬ್ಬ ಮೇಷ್ಟ್ರು ಬೇಕು ಎಂದರೆ ನಾನು ಸುಮಾರು 500 ವರ್ಷ ಹಳಬನೊಬ್ಬನನ್ನು ತೋರಿಸುತ್ತೇನೆ. ಡೊಮಿಂಗೊ ಪಾಯಸ್ ಎಂಬ ಪೋರ್ಚುಗೀಸ್. ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ. ರಾಯನನ್ನು ಕಣ್ಣಾರೆ ನೋಡಿ ಬರೆದ. ಮಧ್ಯಮ ಎತ್ತರ, ಬೆಳ್ಳಗಿನ ಮೈ, ತೆಳ್ಳಗಲ್ಲ, ಸ್ವಲ್ಪ ದಪ್ಪವೇ, ಮುಖದಲ್ಲಿ ಸಿಡುಬಿನ ಕಲೆ. ನಮ್ಮ ನಾಟಕಗಳ ಕೃಷ್ಣದೇವರಾಯನ ಮುಖ ಯಾವಾಗಲೂ ನುಣ್ಣಗೇ ಇರುತ್ತದೆ. ಕಲೆ ಇರುವ ರಾಯನೇ ನನಗೆ ಹೆಚ್ಚು ಹತ್ತಿರ.

ಇನ್ನೂ ಇದೆ. ರಾಯ ದಿನಾ ಬೆಳಕು ಹರಿಯುವ ಮುಂಚೆ ಎಳ್ಳೆಣ್ಣೆ ಕುಡಿಯುತ್ತಿದ್ದನಂತೆ. ಚಮಚದ ಲೆಕ್ಕದಲ್ಲಿ ಅಲ್ಲ, ಮುಕ್ಕಾಲು ಪಿಂಟ್, ಅಂದರೆ ಹೆಚ್ಚುಕಡಿಮೆ ಎರಡು ಲೋಟ! ಮೈಗೂ ಅದೇ ಎಣ್ಣೆ. ಆಮೇಲೆ ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ಎತ್ತಿ, ಕತ್ತಿ ತಿರುಗಿಸಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೂ ಕಸರತ್ತು. ಅದಾದ ಮೇಲೆ ಕುಸ್ತಿ. ಅದೂ ಆದ ಮೇಲೆ ಕುದುರೆ ಸವಾರಿ. ಪಾಯಸ್ ಇದನ್ನೆಲ್ಲ ಬಿಟ್ಟು 'ಮಹಾ ಪರಾಕ್ರಮಿ' ಎಂದು ಮುಗಿಸಿದ್ದರೆ ನಮಗೆ ಏನು ಸಿಗುತ್ತಿತ್ತು? ಆ ಪದವಿಯನ್ನು ಎಲ್ಲ ರಾಜರಿಗೂ ಯಾರೋ ಒಬ್ಬರು ಕೊಟ್ಟೇ ಇರುತ್ತಾರೆ. ಎಳ್ಳೆಣ್ಣೆ ಎಲ್ಲ ರಾಜರಿಗೂ ಒಗ್ಗುವುದಿಲ್ಲ.

ನಗರ ಎಷ್ಟು ದೊಡ್ಡದು ಎಂದು ಹೇಳುವಾಗಲೂ ಅವನ ರೀತಿ ನೋಡಿ. ಒಂದೇ ಕಡೆ ನಿಂತರೆ ಇಡೀ ಊರು ಕಾಣುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತಾನೆ. ಒಂದು ಗುಡ್ಡ ಹತ್ತುತ್ತಾನೆ. ಅಲ್ಲಿಂದ ಕಂಡಷ್ಟು ರೋಮ್‌ನಷ್ಟು ದೊಡ್ಡದಾಗಿತ್ತು, ಬೆಟ್ಟಗಳ ಮರೆಯಲ್ಲಿ ಇನ್ನೂ ಬಹಳ ಉಳಿದಿತ್ತು ಎನ್ನುತ್ತಾನೆ. ರಾಯನ ಸೈನ್ಯದ ಸಾಲುಗಳನ್ನು ನೋಡುತ್ತ ಹೋಗುವಾಗಲಂತೂ ಆ ಕಡೆ ಈ ಕಡೆ ತಿರುಗಿ ತಿರುಗಿ ಕುದುರೆ ಮೇಲಿಂದ ಹಿಂದಕ್ಕೆ ಬೀಳುವ ಹಾಗಾಯಿತಂತೆ. ನಾವು 'ಮೈಮರೆತೆ' ಎಂದು ಬರೆಯುತ್ತೇವಲ್ಲ, ಅದನ್ನು ಬರೆಯುವ ಸರಿಯಾದ ಕ್ರಮ ಇದು.

ಹಂಪಿಗೆ ಈಗ ಹೋಗುವವರು ಕಲ್ಲಿನ ರಥದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ತೆಗೆಸಿಕೊಳ್ಳಲಿ. ಆದರೆ ಆ ರಥ 50 ರೂಪಾಯಿ ನೋಟಿನಲ್ಲೇ ಇದೆ, ಅದರ ವರ್ಣನೆಗೆ ಎರಡು ಪುಟ ಬೇಡ. ಬೇಕಿದ್ದರೆ ವಿರೂಪಾಕ್ಷ ದೇವಸ್ಥಾನದ ಒಳಗಿನ ಕತ್ತಲೆ ಕೋಣೆಗೆ ಹೋಗಿ. ಸಣ್ಣ ಕಿಂಡಿಯಿಂದ ಬೆಳಕು ಬಂದು ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಬೆಳಕು ನೇರವಾಗಿ ಹೋಗುವುದರಿಂದ ಮೇಲಿನದು ಕೆಳಗೆ, ಕೆಳಗಿನದು ಮೇಲೆ, ಅಷ್ಟೇ. ಆದರೆ ನೆರಳಿಗಿಂತ ಅದನ್ನು ನೋಡುವ ಜನರನ್ನು ನೋಡುವುದು ನನಗೆ ಇಷ್ಟ. ಒಬ್ಬರು ಕೈಮುಗಿಯುತ್ತಾರೆ. ಇನ್ನೊಬ್ಬರು ತಮ್ಮ ತಲೆಯನ್ನೇ ಓರೆ ಮಾಡಿ ಗೋಪುರವನ್ನು ನೆಟ್ಟಗೆ ಮಾಡಲು ನೋಡುತ್ತಾರೆ. ಮಗುವೊಂದು ಕೈ ಅಡ್ಡ ಇಟ್ಟು ಇಡೀ ಗೋಪುರವನ್ನು ಮಾಯ ಮಾಡುತ್ತದೆ, ಬೈಸಿಕೊಳ್ಳುತ್ತದೆ. ಇವೆಲ್ಲ ಅಲ್ಲೇ ನಿಂತು ಒಂದು ಚೀಟಿಯಲ್ಲಿ ಗೀಚಿಕೊಳ್ಳದಿದ್ದರೆ ಹೊಸಪೇಟೆ ಬಸ್ ಹತ್ತುವ ಹೊತ್ತಿಗೆ ಮರೆತುಹೋಗುತ್ತವೆ. ಫೋಟೋ ಗೋಡೆಯನ್ನು ಮಾತ್ರ ನೆನಪಿಟ್ಟುಕೊಂಡಿರುತ್ತದೆ.

ಬರೆದದ್ದನ್ನು ತಿದ್ದಲು ಯಾವ ಪಂಡಿತರೂ ಬೇಡ. ಊರಿಂದ ಬಂದಾಗ ಮನೆಯವರು ಕೇಳುವ ಪ್ರಶ್ನೆಗಳು ಸಾಕು. ಬಸ್ಸಲ್ಲಿ ಸೀಟು ಸಿಕ್ತಾ? ಊಟ ಎಲ್ಲಿ ಮಾಡಿದ್ರಿ? ಮಿರ್ಚಿ ಖಾರ ಇತ್ತಾ? ಎಷ್ಟು ಮೆಟ್ಟಿಲು, ನಿಮ್ಮತ್ತೆ ಹತ್ತಿದ್ರಾ? ಕೊನೆ ಬಸ್ಸು ಎಷ್ಟಕ್ಕೆ? ನಿಮ್ಮ ಆತ್ಮ ಪ್ರಕೃತಿಯಲ್ಲಿ ಲೀನವಾಯಿತೇ ಎಂದು ಯಾವ ಮನೆಯಲ್ಲೂ ಯಾರೂ ಕೇಳಿದ್ದಿಲ್ಲ.

ಇನ್ನೊಂದು ಪ್ರಶ್ನೆ ಇದೆ. ಅದನ್ನು ಹೆಂಗಸರು ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳುತ್ತಾರೆ. ಅಲ್ಲಿ ಶೌಚಾಲಯ ಇದೆಯಾ, ಬಾಗಿಲಿಗೆ ಚಿಲಕ ಇದೆಯಾ, ನೀರು ಬರುತ್ತಾ? ಸೂರ್ಯಾಸ್ತದ ಮೇಲೆ ಮೂರು ಪ್ಯಾರಾ ಬರೆದವರೂ ಇದಕ್ಕೆ ಅರ್ಧ ಸಾಲು ಕೊಡುವುದಿಲ್ಲ. ಚಿಲಕದ ಬಗ್ಗೆ ಬರೆದವರು ಸಿಕ್ಕರೆ, ಅವರ ಸೂರ್ಯಾಸ್ತವನ್ನೂ ನಾನು ಕಣ್ಣುಮುಚ್ಚಿ ನಂಬುತ್ತೇನೆ.