ಚಕ್ರವರ್ತಿಯ ಮನೆಯಲ್ಲಿ ಮಸಿ ಅನ್ನ

ಕ್ರೊಯೇಷಿಯಾದ ಸ್ಪ್ಲಿಟ್‌ನಲ್ಲಿ ಅರಮನೆಯೊಳಗೆ ಓಡಾಡೋಕೆ ಟಿಕೆಟ್ ಬೇಡ. ಯಾಕೆಂದರೆ ಹಳೇ ಊರಿನ ಅರ್ಧ ಭಾಗ ಅರಮನೆಯೊಳಗೇ ಇದೆ. ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್ 305ರಲ್ಲಿ ಪಟ್ಟ ಬಿಟ್ಟು, ಏಡ್ರಿಯಾಟಿಕ್ ಸಮುದ್ರದ ದಡದಲ್ಲಿ ಹಾಯಾಗಿರೋಣ ಅಂತ ಕಟ್ಟಿಸಿಕೊಂಡ ಮನೆ ಇದು. ಮತ್ತೆ ಆಳೋಕೆ ಬನ್ನಿ ಅಂತ ಕರೆದರೆ, ನಾನು ಬೆಳೆದ ಕೋಸು ನೋಡಿದ್ದರೆ ನೀವು ಹೀಗೆ ಕರೀತಿರಲಿಲ್ಲ ಅಂದನಂತೆ. ಕ್ರೈಸ್ತರನ್ನು ಕಂಡರಾಗದ ಅವನ ಸಮಾಧಿಯೇ ಈಗ ಚರ್ಚು. ಅದನ್ನು ಜನ ಕರೆಯೋದು ಅವನ ಕಾಲದಲ್ಲೇ ಕೊಲ್ಲಲ್ಪಟ್ಟ ಬಿಷಪ್ ಡೊಮ್ನಿಯಸ್ ಹೆಸರಲ್ಲಿ. ಮನೆ ಕಟ್ಟಿಸುವವರು ಇದನ್ನೂ ಸ್ವಲ್ಪ ಯೋಚಿಸಬೇಕು.

ಅರಮನೆಯ ಗೋಡೆಯಿಂದ ಗೋಡೆಗೆ ಹಗ್ಗ. ಹಗ್ಗದ ಮೇಲೆ ಯಾರದೋ ಬನಿಯನ್ನು, ಮಗುವಿನ ಚಡ್ಡಿ. ನಾನಂತೂ ಕಂಬಗಳಿಗಿಂತ ಜಾಸ್ತಿ ಅದನ್ನೇ ನೋಡಿದೆ.

ಊಟದ ವಿಷಯಕ್ಕೆ ಬಂದರೆ, ನಾನು ಕುಂದಾಪುರದವಳು, ಮೀನು ಕಂಡರೆ ಬಿಡುವವಳಲ್ಲ. ನಮ್ಮವರು ಘಟ್ಟದ ಮೇಲಿನವರು, ಮೊಟ್ಟೆಯನ್ನೂ ಮುಟ್ಟದವರು. ಅವರು ಮೆನು ಪೂರ್ತಿ ಹುಡುಕಿ ಆಲೂಗಡ್ಡೆಯ ಪುಟ್ಟ ಉಂಡೆಗಳಿರುವ ನ್ಯೋಕಿ ಕಂಡುಹಿಡಿದರು. ಅದು ಪಾಷ್ಟಿತ್ಸಾದಾ ಜೊತೆ ಬರುತ್ತದೆ. ಅಂದರೆ ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿದ ದನದ ಮಾಂಸವನ್ನು ಒಣ ಪ್ಲಮ್ ಮತ್ತು ಸಿಹಿ ವೈನ್ ಹಾಕಿ ಗಂಟೆಗಟ್ಟಲೆ ಬೇಯಿಸಿದ್ದು. "ಮಾಂಸ ಬೇಡ" ಅಂತ ನಮ್ಮವರು ಕೈ ಬಾಯಿ ಎರಡರಲ್ಲೂ ಹೇಳಿದರು. ಮಾಣಿ ಭಾರೀ ಒಳ್ಳೆಯವನು. ಎಲ್ಲ ಅರ್ಥವಾಯಿತು ಅನ್ನುವ ಹಾಗೆ ತಲೆಯಾಡಿಸಿದ. ಹತ್ತು ನಿಮಿಷಕ್ಕೆ ಮಾಂಸದ ತುಂಡುಗಳನ್ನು ಒಂದೊಂದಾಗಿ ಆರಿಸಿ ತೆಗೆದು, ರಸ ಮಾತ್ರ ಧಾರಾಳವಾಗಿ ಸುರಿದ ತಟ್ಟೆ ತಂದಿಟ್ಟ.

ಪಾಪ, ಅವರಿಗೆ ಕೊನೆಗೆ ಸಿಕ್ಕಿದ್ದು ಬ್ಲಿತ್ವಾ. ಸೊಪ್ಪು, ಆಲೂಗಡ್ಡೆ, ಬೆಳ್ಳುಳ್ಳಿ, ಆಲಿವ್ ಎಣ್ಣೆ. ಸುಮ್ನೆ ತಿಂದರು.

ನನಗೆ ಮಾತ್ರ ಬಂತು ನೋಡಿ ಕಪ್ಪು ರಿಸೊಟ್ಟೊ! ನಮ್ಮ ಕರಾವಳಿಯ ಬೊಂಡಾಸ, ಅಂದರೆ ಸ್ಕ್ವಿಡ್ ಇದೆಯಲ್ಲ, ಅದರ ದಾಯಾದಿ ಸಿಪಾದ ಮಸಿಯಲ್ಲೇ ಬೆಂದ ಅನ್ನ. ನಮ್ಮಮ್ಮ ಬೊಂಡಾಸ ಕೊಯ್ಯುವಾಗ ಮಸಿ ಚೀಲ ಒಡೆಯದಂತೆ ಎರಡು ಬೆರಳಲ್ಲಿ ಹುಷಾರಾಗಿ ಎಳೆದು ಬಿಸಾಡುತ್ತಿದ್ದರು. ಇಲ್ಲಿ ಅದಕ್ಕೇ ದುಡ್ಡು. ಅನ್ನ ಮಿರಮಿರ ಮಿಂಚುತ್ತಿತ್ತು. ಸಮುದ್ರದ ಉಪ್ಪು, ವೈನಿನ ಸಣ್ಣ ಹುಳಿ, ಮೆತ್ತಗಿನ ತುಂಡುಗಳು. ತಟ್ಟೆ ಬಳಿದು ತಿಂದೆ.

ಆಮೇಲೆ ನಾನು ಎಂದೂ ಇಲ್ಲದಷ್ಟು ಉಲ್ಲಾಸದಲ್ಲಿ ಊರು ಸುತ್ತಿದೆ. ಮಾಣಿಗೆ ನಕ್ಕೆ. ಐಸ್‌ಕ್ರೀಮ್ ಹುಡುಗಿಗೆ ನಕ್ಕೆ. ಅರಮನೆಯ ಅಂಗಳದಲ್ಲಿ ಡಯೋಕ್ಲೀಷಿಯನ್ ಈಜಿಪ್ಟಿನಿಂದ ತರಿಸಿದ ಕರಿಕಲ್ಲಿನ ಸ್ಫಿಂಕ್ಸ್ ಪಕ್ಕ ಬಾಯಿ ತುಂಬ ನಕ್ಕು ಫೋಟೊ ತೆಗೆಸಿಕೊಂಡೆ. ಒಂದು ಮಗು ಅಮ್ಮನ ಹಿಂದೆ ಅವಿತುಕೊಂಡಿತು. ನಾಚಿಕೆ ಸ್ವಭಾವ ಇರಬೇಕು ಅಂದುಕೊಂಡೆ.

ರೂಮಿನ ಕನ್ನಡಿಯಲ್ಲಿ ನೋಡಿದರೆ ಹಲ್ಲು, ತುಟಿ, ನಾಲಿಗೆ ಎಲ್ಲ ಕರ್ರಗೆ!

"ರೀ, ಒಂದು ಮಾತು ಹೇಳಬಾರದಿತ್ತಾ?"

"ಹೇಳೋಣ ಅಂದ್ಕೊಂಡೆ. ನೀನು ಅಷ್ಟು ಖುಷಿಯಾಗಿ ನಗೋದು ಅಪರೂಪ ಅಲ್ವಾ?"

ಮರುದಿನ ಬೆಳಿಗ್ಗೆ ಅವರಿಗೂ ಕಾಲ ಬಂತು. ಅರಮನೆ ಗೋಡೆಯಾಚೆಗಿನ ತರಕಾರಿ ಸಂತೆಯಲ್ಲಿ ಸೊಪಾರ್ನಿಕ್ ಸಿಕ್ಕಿತು. ಎರಡು ತೆಳ್ಳನೆ ಹಿಟ್ಟಿನ ಹಾಳೆಗಳ ನಡುವೆ ಸೊಪ್ಪು, ಈರುಳ್ಳಿ. ಅದನ್ನು ಒಲೆಯ ನೆಲದ ಮೇಲಿಟ್ಟು, ಮೇಲೆ ಕೆಂಡ ಹರಡಿ ಸುಡುತ್ತಾರೆ. ಬೂದಿ ಕೊಡವಿ ಎಣ್ಣೆ, ಬೆಳ್ಳುಳ್ಳಿ ಸವರುತ್ತಾರೆ. ಸೊಪ್ಪಿನ ಹೋಳಿಗೆ ಅಂತಲೇ ಅನ್ನಿ. ನಮ್ಮವರು ಒಂದು ತಿಂದು, ಇನ್ನೊಂದು ತಿಂದು, ಮೂರನೆಯದನ್ನು ಬ್ಯಾಗಿಗೆ ಕಟ್ಟಿಸಿಕೊಂಡರು. ಸಂಜೆಯಷ್ಟರಲ್ಲಿ ಪಾಸ್‌ಪೋರ್ಟಿಗೂ ಬೆಳ್ಳುಳ್ಳಿ ಘಮ.

ಅಷ್ಟರಲ್ಲಿ ಸ್ಫಿಂಕ್ಸ್ ಫೋಟೊ ಮನೆಯವರ ವಾಟ್ಸಾಪ್ ಗುಂಪಿಗೆ ಹೋಗಿಯಾಗಿತ್ತು. ಅತ್ತೆಯ ಮೆಸೇಜು ಬಂತು: "ಜಾಗ ಚೆನ್ನಾಗಿದೆ. ಹೊಗೆಸೊಪ್ಪು ಹಾಕೋದು ಯಾವಾಗಿಂದ ಶುರುವಾಯ್ತಮ್ಮಾ?"

ನಮ್ಮವರು ಉತ್ತರ ಟೈಪ್ ಮಾಡುವ ಮೊದಲೇ ಫೋನ್ ಕಿತ್ತುಕೊಂಡೆ.