ಮೋಟಾರ್ ಆಫ್ ಮಾಡು

ಕಂಪ್ಯೂಟರಿನ ಮೂಲೆಯಲ್ಲಿ ಇಣುಕುವ, ನೋಟಿಫಿಕೇಶನ್ ಎಂಬ ಆ ಪುಟ್ಟ ಚೌಕಕ್ಕೆ ಹೊತ್ತುಗೊತ್ತು ಇಲ್ಲ. ಪೆನ್‌ಡ್ರೈವ್ ಚುಚ್ಚಿದವರು ನಾವೇ, ಆದರೂ 'ಪೆನ್‌ಡ್ರೈವ್ ಸಿಕ್ಕಿದೆ' ಎಂದು ನಮಗೇ ಸುದ್ದಿ ಹೇಳುತ್ತದೆ. ವೈಫೈ ಹೋದರೂ ಸುದ್ದಿ, ಬಂದರೂ ಸುದ್ದಿ. ಲೆಕ್ಕ ಕೂಡುತ್ತಾ ಕೂತಾಗಲೇ ಅಪ್‌ಡೇಟ್ ನೆನಪಾಗುತ್ತದೆ ಅದಕ್ಕೆ.

ವಿಂಡೋಸ್ ಬದಲು ಕೆಲವರು ಬಳಸುವ ಲಿನಕ್ಸಿನಲ್ಲಿ ಈ ಕಾಟಕ್ಕೆ ಒಂದು ಲಗಾಮು ಇದೆ. ಅಲ್ಲಿನ ಏರ್ಪಾಡು ಹಳೇ ಕಾಲದ ತುಂಬಿದ ಮನೆಯ ಹಾಗೆ. ಯಾವ ಪ್ರೋಗ್ರಾಮೂ ಸಾಮಾನ್ಯವಾಗಿ ತಾನೇ ಪರದೆಗೆ ನುಗ್ಗುವುದಿಲ್ಲ. ಡಿ-ಬಸ್ ಎಂಬ ದಾರಿಯಲ್ಲಿ ಒಂದು ಚೀಟಿ ಕಳಿಸುತ್ತದೆ. ಜಗಲಿಯ ಮೇಲೆ ಕೂತ ತಾತ, ಅಂದರೆ ಇದಕ್ಕೆಂದೇ ಇರುವ ಇನ್ನೊಂದು ಪ್ರೋಗ್ರಾಂ, ಚೀಟಿ ಓದಿ, ಯಾರನ್ನು ಒಳಗೆ ಬಿಡಬೇಕು, ಎಷ್ಟು ಹೊತ್ತು ಕೂರಿಸಬೇಕು ಎಂದು ತೀರ್ಮಾನ ಮಾಡುತ್ತಾರೆ. ಗ್ನೋಮ್ ಎಂಬ ಡೆಸ್ಕ್‌ಟಾಪಿನಲ್ಲಿ ಈ ತಾತ ಅದರ ಒಳಗೇ ಸೇರಿಕೊಂಡಿದ್ದಾರೆ. ಎಕ್ಸ್‌ಎಫ್‌ಸಿಇ ಎಂಬ ಇನ್ನೊಂದು ಡೆಸ್ಕ್‌ಟಾಪಿಗೆ ತನ್ನದೇ ಒಬ್ಬರು. ಪರದೆಗೆ ಕಿಟಕಿಗಳನ್ನು ತರುವ ವೇಲ್ಯಾಂಡ್ ಎಂಬ ಏರ್ಪಾಡು ಬಳಸುವ ಕೆಲವರು ಮಾಕೋ ಎಂಬುವರನ್ನು ಕೂರಿಸಿಕೊಳ್ಳುತ್ತಾರೆ. ನನ್ನ ಜಗಲಿಯಲ್ಲಿರುವುದು ಡನ್ಸ್ಟ್. ಮನೆಯ ತಾತನನ್ನು ಹೀಗೆ ಬದಲಾಯಿಸಲು ಆಗುತ್ತಾ?

2009ರಲ್ಲಿ ಬಂದ ಉಬುಂಟು 9.04 ಎಂಬ ಲಿನಕ್ಸ್ ಆವೃತ್ತಿಯಲ್ಲಿ ಸುದ್ದಿ ತರುತ್ತಿದ್ದ ಕರಿ ಗುಳ್ಳೆ ನೆನಪಿದೆಯಾ? ಮೌಸ್ ಹತ್ತಿರ ಒಯ್ದರೆ ತಾನೇ ಮಸುಕಾಗಿ, ಹಿಂದಿನದನ್ನು ಒತ್ತಲು ಜಾಗ ಬಿಡುತ್ತಿತ್ತು. ಗುಂಡಿ ಗಿಂಡಿ ಏನೂ ಇರಲಿಲ್ಲ. ಅದನ್ನು ಬೈದವರು ಬಹಳ ಜನ. ನನಗಂತೂ ಅಷ್ಟು ಸಂಕೋಚದ ಸಾಫ್ಟ್‌ವೇರ್ ಆಮೇಲೆ ಸಿಕ್ಕಿಲ್ಲ.

ಚೀಟಿಯ ಮೇಲೆ ಎಷ್ಟು ತುರ್ತು ಎಂದೂ ಬರೆದಿರುತ್ತದೆ. ಮೂರೇ ದರ್ಜೆ: ಲೋ, ನಾರ್ಮಲ್, ಕ್ರಿಟಿಕಲ್. ಕ್ರಿಟಿಕಲ್ ಎಂದರೆ ತಾನಾಗಿ ಮಾಯವಾಗಬಾರದು, ನಾವು ನೋಡಿ ಮುಚ್ಚುವವರೆಗೆ ನಿಲ್ಲಬೇಕು. ತಕರಾರು ಇರುವುದು ಇಲ್ಲೇ. ದರ್ಜೆ ಬರೆಯುವವನು ಕಳಿಸುವವನು. ಕಳಿಸುವವನಿಗೆ ತನ್ನ ಸುದ್ದಿ ಯಾವತ್ತೂ ದೊಡ್ಡದೇ ಅಲ್ವಾ? ಡನ್ಸ್ಟ್ ನನಗೆ ಇಷ್ಟವಾಗುವುದು ಇದಕ್ಕೇ. ಡನ್ಸ್ಟ್‌ಆರ್‌ಸಿ ಎಂಬ ಸಾದಾ ಫೈಲಿನಲ್ಲಿ ನಾಲ್ಕು ಸಾಲು ಬರೆದರೆ, ಇಂಥ ಪ್ರೋಗ್ರಾಂ ಏನೇ ಕೂಗಾಡಲಿ ಅದನ್ನು ಲೋ ಎಂದೇ ಲೆಕ್ಕ ಹಿಡಿ ಎನ್ನಬಹುದು. ಪರದೆಗೆ ತರಲೇಬೇಡ, ಹಿಸ್ಟರಿಯಲ್ಲಿ ಬಿದ್ದಿರಲಿ ಎಂದೂ ಹೇಳಬಹುದು. ಬಣ್ಣ, ಅಂಚು, ಮೂಲೆ ಎಲ್ಲ ಅದೇ ಫೈಲಿನಲ್ಲಿದೆ. ಅವೆಲ್ಲ ಸುಮ್ನೆ ಶೋಕಿ. ನಿಜವಾದ ಅಧಿಕಾರ ದರ್ಜೆ ತಿದ್ದುವುದರಲ್ಲಿದೆ. ವೈಫೈಯನ್ನು ನಾನು ಲೋಗೆ ಇಳಿಸಿದ್ದೇನೆ.

ಹಾಗಾದರೆ ನಮ್ಮ ಮನೆಯಲ್ಲಿ ಕ್ರಿಟಿಕಲ್ ಯಾವುದು? ನೀರು. ತುಮಕೂರಿನವರಿಗೆ ವಿವರಿಸಬೇಕಾಗಿಲ್ಲ. ಬುಗುಡನಹಳ್ಳಿ ಕೆರೆಯಲ್ಲಿ ತುಂಬಿಟ್ಟ ಹೇಮಾವತಿ ನಲ್ಲಿಗೆ ಬಂದು, ಸಂಪಿಗೆ ಇಳಿದು, ಮೋಟಾರ್ ಹಾಕಿದ ಮೇಲೆ ಮಹಡಿಯ ಟ್ಯಾಂಕಿಗೆ ಏರಬೇಕು. ನಮ್ಮ ಟ್ಯಾಂಕ್ ತುಂಬಲು 25 ನಿಮಿಷ ಸಾಕು. ಸ್ವಿಚ್ ಹಾಕಿ ಬಂದು, ಆಜ್ಞೆ ಬರೆಯುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಒಂದು ಸಾಲು ಒತ್ತುತ್ತೇನೆ. ಸ್ಲೀಪ್ ಎಂದು 25 ನಿಮಿಷ ಮಲಗಿಸುವುದು, ಎದ್ದ ಮೇಲೆ ನೋಟಿಫೈ-ಸೆಂಡ್ ಎಂಬ ಆಜ್ಞೆಯಿಂದ 'ಮೋಟಾರ್ ಆಫ್ ಮಾಡು' ಎಂದು ಕ್ರಿಟಿಕಲ್ ದರ್ಜೆಯಲ್ಲಿ ಹೇಳಿಸುವುದು. ಕನ್ನಡದಲ್ಲೇ ಬರುತ್ತದೆ. ಅಕ್ಷರಕ್ಕೆ ಡೆಬಿಯನ್ ಎಂಬ ಲಿನಕ್ಸಿನಲ್ಲಿ ಗುಬ್ಬಿ, ನವಿಲು ಎಂಬ ಎರಡು ಫಾಂಟ್‌ಗಳಿವೆ. ಹೆಂಡತಿಯ ತವರು ಗುಬ್ಬಿ. ಯಾವುದು ಗೆದ್ದಿತು ಎಂದು ಬೇರೆ ಹೇಳಬೇಕೇ?

ಒಂದು ಕೊರತೆ ಇದೆ. ಚೌಕ ಎಷ್ಟೇ ಕೆಂಪಗೆ ನಿಂತರೂ ಅದನ್ನು ನೋಡಲು ಕುರ್ಚಿಯಲ್ಲಿ ಯಾರಾದರೂ ಇರಬೇಕು. ಡನ್ಸ್ಟ್‌ನಲ್ಲಿ ಇದಕ್ಕೂ ದಾರಿ ಇದೆ. ಇಂಥ ಸುದ್ದಿ ಬಂದಾಗ ಇಂಥ ಸ್ಕ್ರಿಪ್ಟ್ ಓಡಿಸು ಎಂದು ಬರೆದಿಟ್ಟರೆ ಗಂಟೆ ಬಾರಿಸುತ್ತದೆ. ಈಗ ಅಡುಗೆಮನೆಯಿಂದ "ರೀ, ನಿಮ್ ಕಂಪ್ಯೂಟ್ರು ಕೂಗ್ತಾ ಇದೆ" ಎಂಬ ದನಿ ಬರುತ್ತದೆ. ಅದಕ್ಕಿಂತ ಮೇಲಿನ ದರ್ಜೆ ಲಿನಕ್ಸಿನಲ್ಲಿಲ್ಲ.

ಸುದ್ದಿ ಬೀದಿಗೂ ಹಬ್ಬಿದೆ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದಲೇ "ಸಾರ್, ಮೋಟಾರ್ ಹಾಕಿದೀನಿ, ಸ್ವಲ್ಪ ನೋಡ್ಕೊಳ್ಳಿ" ಎನ್ನುತ್ತಾರೆ. ಅವರದು ದೊಡ್ಡ ಟ್ಯಾಂಕ್, 40 ನಿಮಿಷ ಇಟ್ಟಿದ್ದೇನೆ. ಪರೋಪಕಾರ ಏನಲ್ಲ. ಅದು ಉಕ್ಕಿದರೆ ನೀರು ಬೀಳುವುದು ನಮ್ಮ ಅಂಗಳಕ್ಕೆ.